ಶರೀಫಜ್ಜನ ಪ್ಯಾನ್ ಕಾರ್ಡ್

ತತ್ವಪದ ಹಾಡಿ ಯೂಟ್ಯೂಬಿಗೆ ಏರಿಸಿದರೆ ಮೊದಲು ಬರುವುದು ಲೈಕ್ ಅಲ್ಲ, ಕಾಪಿರೈಟ್ ಕ್ಲೇಮು, ಅಂದರೆ ‘ಇದರ ಹಕ್ಕು ನಮ್ಮದು’ ಎಂಬ ತಕರಾರು. ಧಾರವಾಡದ ಹಾರ್ಮೋನಿಯಂ ಹುಡುಗರಿಗೆ ಇದು ಹೊಸದಲ್ಲ. ಶಿಶುನಾಳ ಶರೀಫಜ್ಜ ದೇಹ ಬಿಟ್ಟದ್ದು 1889ರಲ್ಲಿ. ಬರೆದವನ ಹಕ್ಕು ಅವನು ಹೋದ ಮೇಲೆ 60 ವರ್ಷ. ಇಂದಿನ ಲೆಕ್ಕ ಹಿಡಿದರೂ ಗಾಂಧೀಜಿ ತೀರಿದ ಮರುವರ್ಷಕ್ಕೆ ಮುಗಿದ ಕಥೆ.

ತಪ್ಪು ಅಜ್ಜನದೇ ಬಿಡಿ. ಪ್ಯಾನ್ ಕಾರ್ಡ್ ಮಾಡಿಸಲಿಲ್ಲ, ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚುವ ಹಕ್ಕಿನ ಸಂಘದ ಸದಸ್ಯತ್ವದ ಫಾರ್ಮಿಗೆ ಕ್ಯಾನ್ಸಲ್ಡ್ ಚೆಕ್ ಲಗತ್ತಿಸಲಿಲ್ಲ. ಗುರು ಗೋವಿಂದ ಭಟ್ಟರು ಜನಿವಾರ ಹಾಕಿದರೇ ಹೊರತು ಹಾಡು ಕಟ್ಟಿದವನನ್ನು ಗುರುತಿಸುವ ಐಪಿಐ ನಂಬರು ಕೊಡಿಸಲಿಲ್ಲ.

ಇಂಥ ಅಜ್ಞಾನ ನೀಗಿಸಲೆಂದೇ ಹಕ್ಕಿನ ಸಂಘಗಳು ಕಾರ್ಯಾಗಾರ ಮಾಡುತ್ತವೆ. ಎಸಿ ಹಾಲ್, ಇಂಗ್ಲಿಷ್ ಸ್ಲೈಡು, ಪ್ರಮಾಣಪತ್ರ, ಗ್ರೂಪ್ ಫೋಟೊ. ಗದಗಿನ ವೀರೇಶ್ವರ ಪುಣ್ಯಾಶ್ರಮ ಮಾತ್ರ ಹಿಂದುಳಿಯಿತು. ಅಂಧ ಮಕ್ಕಳಿಗೆ ಊಟ ಹಾಕಿ, ಸ್ವರ ಕಲಿಸಿ ಗವಾಯಿಗಳನ್ನು ಮಾಡಿತಲ್ಲದೆ ಒಂದು ಸ್ಲೈಡೂ ತೋರಿಸಲಿಲ್ಲ. ಅಲ್ಲಿಂದ ಬಂದ ಗಾಯಕನಿಗೆ ನಿಮ್ಮ ಸ್ಲೈಡು ಯಾರು ಓದಿ ಹೇಳಬೇಕು, ಸ್ವಾಮಿ?

ಸ್ಲೈಡಿನಲ್ಲಿ ಇರದ ಮಾತು ಕೇಳಿ. ಮಟ್ಟು ಹಾಕಿದವನ ಮಟ್ಟು ಅವನದೇ, ಆಡಿಯೊ ಕಂಪನಿಯ ರೆಕಾರ್ಡಿಂಗು ಕಂಪನಿಯದೇ, ಒಪ್ಪೋಣ. ಅಜ್ಜನ ಪದ ಮಾತ್ರ ಯಾರಪ್ಪನದೂ ಅಲ್ಲ. ಊರಿನ ಹಳೇ ಮಟ್ಟಿನಲ್ಲಿ ಹಾಡಿದರೂ ಕಂಪ್ಯೂಟರು ಚಹರೆ ಹೊಂದಿತೆಂದು ಕ್ಲೇಮು ಒತ್ತುತ್ತದೆ. ಆಗ ಯೂಟ್ಯೂಬ್ ಸ್ಟುಡಿಯೊ ತೆರೆದು ಆಕ್ಷೇಪಣೆ ಹಾಕಿ, ಕಾರಣದಲ್ಲಿ ‘ಪಬ್ಲಿಕ್ ಡೊಮೇನ್’ (ಹಕ್ಕಿನ ಅವಧಿ ಮುಗಿದು ಎಲ್ಲರದಾದದ್ದು) ಆರಿಸಿ. ಉತ್ತರಕ್ಕೆ ಕ್ಲೇಮು ಹಾಕಿದವರಿಗೆ 30 ದಿನ. ಬಹಳ ಮಂದಿ ಹೆದರಿ ವಿಡಿಯೊನೇ ಅಳಿಸುತ್ತಾರೆ. ಕ್ಲೇಮು ಬೇರೆ, ವಿಡಿಯೊ ತೆಗೆಸಿ ಚಾನೆಲ್ ಮೇಲೆ ಒತ್ತುವ ಎಚ್ಚರಿಕೆಯಾದ ಸ್ಟ್ರೈಕು ಬೇರೆ. ಚಾನೆಲ್ ಮುಚ್ಚಿಸುವುದು 90 ದಿನದೊಳಗಿನ ಮೂರು ಸ್ಟ್ರೈಕು.

ಕಾಲೇಜಿನ ಗ್ಯಾದರಿಂಗಿಗೂ ಹೆದರಬೇಕಿಲ್ಲ. ವಿದ್ಯಾರ್ಥಿ, ಸಿಬ್ಬಂದಿಯೇ ಹಾಡಿ, ಪಾಲಕರು, ಮಾಸ್ತರರೇ ಕೇಳುವಷ್ಟಕ್ಕೆ ಲೈಸೆನ್ಸ್ ಬೇಡ. ಅದನ್ನೇ ಫೇಸ್‌ಬುಕ್ಕಿನಲ್ಲಿ ಲೈವ್ ಬಿಟ್ಟಿರೋ, ಆ ರಿಯಾಯಿತಿ ಅಲ್ಲಿಗೆ ನಿಲ್ಲುತ್ತದೆ.

ಹೆಸರಿನ ರಗಳೆ ಇನ್ನೊಂದು. ಬಸವರಾಜ ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಸ್ಪೆಲ್ಲಿಂಗು. ಹಾಡು ನೋಂದಾಯಿಸುವಾಗ ಒಂದು, ಆಲ್ಬಮ್ಮಿನಲ್ಲಿ ಇನ್ನೊಂದು ಬಿದ್ದರೆ ದುಡ್ಡು ವಾರಸುದಾರ ಸಿಗದೆ ಕೊಳೆಯುತ್ತದೆ. ಐಪಿಐ ನಂಬರು ಇರುವುದೇ ಇದಕ್ಕೆ. ಹಾಡು ಬಿಡುಗಡೆಯಾದ ದಿನವೇ ಬರೆದವನ, ಮಟ್ಟು ಹಾಕಿದವನ ಪಾಲು ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿಸಿ. ಹಾಡು ಓಡಿದ ಮೇಲೆ ಗೆಳೆತನ ಇರುವುದಿಲ್ಲ.

ಇನ್ನು ಬಾಂಡು, ಕಂಪನಿ ಬರೆಸಿಕೊಳ್ಳುವ ಕರಾರು ಪತ್ರ. ಇಲ್ಲಿ ನಗು ಬರುವುದಿಲ್ಲ. ‘ಎಲ್ಲಾ ಹಕ್ಕು ಯಾವಜ್ಜೀವ’ ಎಂದು ಬರೆಸಿಕೊಂಡು ಕೈಗೆ ಚಿಲ್ಲರೆ ಇಡುವುದು ಇವತ್ತಿಗೂ ನಡೆದಿದೆ. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ ಸಾಹಿತಿ, ಸಂಗೀತಗಾರರ ರಾಯಲ್ಟಿ ಪಾಲನ್ನು ಹೀಗೆ ಬರೆಸಿಕೊಳ್ಳಲು ಬರುವುದೇ ಇಲ್ಲ. ಬರೆಸಿಕೊಂಡರೂ ಅದು ಅಸಿಂಧು. ಕರಾರಿನಲ್ಲಿ ಅವಧಿ ಕಾಣಿಸದಿದ್ದರೆ ಅದು 5 ವರ್ಷ ಮಾತ್ರ, ಊರು-ದೇಶ ಕಾಣಿಸದಿದ್ದರೆ ಭಾರತದೊಳಗೆ ಮಾತ್ರ. ಇಷ್ಟನ್ನು ಕನ್ನಡದಲ್ಲಿ ಅರ್ಧ ಹಾಳೆಗೆ ಅಚ್ಚು ಹಾಕಿಸಿ ಹಾವೇರಿ, ಗದಗಿನ ಸ್ಟುಡಿಯೊ ಬಾಗಿಲಿಗೆ ಅಂಟಿಸಲು ಎಷ್ಟು ಖರ್ಚು? ಎಸಿ ಹಾಲ್ ಬಾಡಿಗೆಗಿಂತ ಹೆಚ್ಚೇ?

‘ಸಹಿ ಮಾಡ್ಸಿಕೊಂಡಾರ್ರೀ, ಏನ್ ಬರದಾರೋ ಗೊತ್ತಿಲ್ಲ’ ಅನ್ನುತ್ತಾನೆ ಹಾಡು ಬರೆದವನು. ಬಾಂಡಿನ ಜೆರಾಕ್ಸೂ ಅವನ ಹತ್ತಿರ ಇಲ್ಲ.