ಸ್ಪಷ್ಟನೆ: ಗಾಳಿ ಎರಡು ಪಟ್ಟಾದರೆ ಅಡಿಕೆ ಅರ್ಧ ಹೊತ್ತಿಗೆ ಒಣಗುವುದಿಲ್ಲ
ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಡ್ರೈಯರ್‌ನ ಬಿಸಿಗಾಳಿಯ ವೇಗ ಎರಡು ಪಟ್ಟು ಮಾಡಿ, ಅಡಿಕೆ ಅರ್ಧ ಹೊತ್ತಿಗೆ ಒಣಗುತ್ತದೆ. ಕಂಪ್ಯೂಟರ್ ಲೆಕ್ಕವೇ ಹೇಳಿದೆ." ಇದು ತಪ್ಪು.

ಕಿರಿದಾದ ಬಾಯಿಯಿಂದ ನುಗ್ಗಿ ಬಡಿಯುವ ಗಾಳಿಯಲ್ಲಿ ಶಾಖ ದಾಟುವ ದರ ವೇಗದ ಸುಮಾರು 0.5ರಿಂದ 0.8ನೇ ಘಾತದಂತೆ ಏರುತ್ತದೆ. 0.7 ಎಂದು ಹಿಡಿದರೆ, ವೇಗ ಎರಡು ಪಟ್ಟಾದಾಗ ಶಾಖ 1.6 ಪಟ್ಟು, ಅಷ್ಟೇ. ಅದೇ ಫ್ಯಾನ್ ತಿನ್ನುವ ಕರೆಂಟು ಹೆಚ್ಚುಕಡಿಮೆ 8 ಪಟ್ಟು!

ಆ ಲಾಭವೂ ಅಡಿಕೆಯ ಮೈ ಒದ್ದೆ ಇರುವ ತನಕ. ಸುಲಿದು ಬೇಯಿಸಿದ ಅಡಿಕೆಯ ಹೊರಮೈ ಬೇಗ ಆರುತ್ತದೆ. ಆಮೇಲೆ ಒಳಗಿನ ನೀರು ನಿಧಾನಕ್ಕೆ ಹೊರಗೆ ಬರಬೇಕು. ಅದಕ್ಕೆ ಗಾಳಿ ಜೋರಿದ್ದರೇನು, ಮೆಲ್ಲಗಿದ್ದರೇನು? ಸಿಪ್ಪೆ ಸಮೇತ ಅಂಗಳದಲ್ಲಿ ಹರವುವ ಚಾಲಿ ಸುಮಾರು 40 ದಿನ ಬಿಸಿಲು ಕೇಳುವುದೂ ಇದಕ್ಕೇ.

ಹಾಗಾದರೆ ಕಂಪ್ಯೂಟರ್ ಸುಳ್ಳು ಹೇಳಿತಾ? ಸುಮ್ನೆ ಅದನ್ನು ಬೈಯಬೇಡಿ. ಗಾಳಿಯ ಸುಳಿ, ಕದಡಾಟವನ್ನು ಕಂಪ್ಯೂಟರ್‌ನಲ್ಲಿ ಅಂದಾಜು ಮಾಡಲು ಎಲ್ಲರೂ ಬಳಸುವ ಕೆ-ಎಪ್ಸಿಲಾನ್ ಎಂಬ ಲೆಕ್ಕದ ಮಾದರಿ, ಗಾಳಿ ನೇರ ಬಡಿಯುವ ಜಾಗದಲ್ಲಿ ಶಾಖವನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಎಸ್‌ಎಸ್‌ಟಿ ಕೆ-ಒಮೆಗಾ ಎಂಬ ಇನ್ನೊಂದು ಮಾದರಿ ಅಲ್ಲಿ ಸ್ವಲ್ಪ ಮೇಲು. ಅಲ್ಲದೆ ಇಂಥ ಲೆಕ್ಕ ಹೆಚ್ಚಾಗಿ ಚಪ್ಪಟೆ ಹಲಗೆಯ ಮೇಲೆ ಮಾಡಿದ್ದು. ನಮ್ಮದು ಒತ್ತೊತ್ತಾಗಿ ಹರವಿದ ಅಡಿಕೆ ಅಲ್ವಾ?