ಸೈಬರ್ ದಾಳಿಗಳ ತನಿಖಾ ವರದಿ ಬಹಿರಂಗವಾಗಲಿ

ಶತ್ರುದೇಶಗಳ ಸೈಬರ್ ದಾಳಿಯನ್ನು ಎದುರಿಸುವ ಮಾತು ಬಂದಾಗಲೆಲ್ಲ ನಾವು ಹೊಸ ಸಂಸ್ಥೆ, ಹೊಸ ತಂತ್ರಾಂಶಗಳ ಬಗ್ಗೆ ಚರ್ಚಿಸುತ್ತೇವೆ. ನಮ್ಮ ದೊಡ್ಡ ಕೊರತೆ ಇರುವುದು ಬೇರೆಡೆ: ನಡೆದ ದಾಳಿಯಿಂದ ಕಲಿತದ್ದನ್ನು ನಾವು ಯಾರಿಗೂ ಹೇಳುವುದಿಲ್ಲ.

2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದವರು ದೂರದಿಂದಲೇ ಉಪಕೇಂದ್ರಗಳ ಬ್ರೇಕರ್ ಎಂಬ ಸ್ವಿಚ್ಚುಗಳನ್ನು ಆರಿಸಿ, ಸುಮಾರು 2.25 ಲಕ್ಷ ಗ್ರಾಹಕರ ಕರೆಂಟು ತೆಗೆದರು. ಈ ಪ್ರಕರಣದಲ್ಲಿ ಅಮೆರಿಕ 2020ರಲ್ಲಿ ರಷ್ಯಾದ ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ ದೋಷಾರೋಪ ಹೊರಿಸಿತು. ಉಕ್ರೇನ್ ಮಾತ್ರ ಅಷ್ಟು ವರ್ಷ ಕಾಯದೆ ಹೊರದೇಶದ ತಜ್ಞರನ್ನು ಒಳಗೆ ಬಿಟ್ಟುಕೊಂಡಿತು. ಇಮೇಲಿನ ವರ್ಡ್ ಕಡತದ ಮೂಲಕ ವೈರಸ್ ಹೊಕ್ಕಿದ್ದು, ಪಾಸ್‌ವರ್ಡ್ ಕದ್ದಿದ್ದು, ದೂರು ಸ್ವೀಕರಿಸುವ ಫೋನುಗಳನ್ನು ಸುಳ್ಳು ಕರೆಗಳಿಂದ ತುಂಬಿದ್ದು, ಕೊನೆಗೆ ಸಿಬ್ಬಂದಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿಸಿದ್ದು, ಎಲ್ಲವೂ ಮೂರು ತಿಂಗಳೊಳಗೆ ಜಗತ್ತಿನ ಮುಂದಿತ್ತು. 2022ರ ಏಪ್ರಿಲ್‌ನಲ್ಲಿ ಇನ್ನೊಂದು ದಾಳಿಯನ್ನು ತಡೆದಾಗಲೂ ಅದರ ತಾಂತ್ರಿಕ ವಿವರಗಳು ಕೂಡಲೇ ಪ್ರಕಟವಾದವು.

ನಮ್ಮಲ್ಲಿ ಏನಾಯಿತು? 2019ರ ಅಕ್ಟೋಬರ್ 29ರಂದು ಕೂಡಂಕುಳಂ ಅಣುಸ್ಥಾವರ ತನ್ನ ನಿಯಂತ್ರಣ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ ಎಂದಿತು. ಮರುದಿನ ಅಣುವಿದ್ಯುತ್ ನಿಗಮ, ಆಡಳಿತ ಜಾಲದ ಒಂದು ಕಂಪ್ಯೂಟರಿನಲ್ಲಿ ವೈರಸ್ ಇತ್ತೆಂದೂ ಸೆಪ್ಟೆಂಬರ್ 4ರಂದೇ ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ ಎಚ್ಚರಿಸಿತ್ತೆಂದೂ ಒಪ್ಪಿಕೊಂಡಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಸೈಬರ್ ದಾಳಿಗೆ ಕುಸಿದು ರೋಗಿಗಳ ನೋಂದಣಿ ಕಾಗದಕ್ಕೆ ಮರಳಿದಾಗ, ಕಂಪ್ಯೂಟರ್ ಜಾಲವನ್ನು ಪ್ರತ್ಯೇಕ ಭಾಗಗಳಾಗಿ ಸರಿಯಾಗಿ ವಿಭಜಿಸದೇ ಇದ್ದದ್ದು ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆ ದೋಷ ದೇಶದ ಇನ್ನೆಷ್ಟು ಆಸ್ಪತ್ರೆಗಳಲ್ಲಿರಬಹುದೆಂದು ನೆನೆದರೆ ಭಯವಾಗುತ್ತದೆ.

2022ರ ನಿಯಮದಂತೆ ಪ್ರತಿ ಸಂಸ್ಥೆಯೂ ದಾಳಿಯನ್ನು ಆರು ಗಂಟೆಯೊಳಗೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು. ಇದು ಒಳ್ಳೆಯ ನಿಯಮ. ಆದರೆ 2023ರ ನವೆಂಬರ್‌ನಲ್ಲಿ ಅದೇ ಸಿಇಆರ್‌ಟಿ-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು.

ವಿವರ ಹೊರಬಂದರೆ ಶತ್ರುವಿಗೆ ಅನುಕೂಲ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಚ್ಚದ ರಂಧ್ರದ ಮಟ್ಟಿಗೆ ಅದು ನಿಜ. ಆದರೆ ನುಗ್ಗಿದವನಿಗೆ ತಾನು ನುಗ್ಗಿದ ದಾರಿ ಗೊತ್ತೇ ಇರುತ್ತದೆ. ಗೊತ್ತಿಲ್ಲದೆ ಉಳಿಯುವವರು ಇನ್ನೊಂದು ವಿದ್ಯುತ್ ಕೇಂದ್ರದ, ಇನ್ನೊಂದು ಜಿಲ್ಲಾಸ್ಪತ್ರೆಯ ನಮ್ಮವರೇ ಆದ ಎಂಜಿನಿಯರುಗಳು. ಹೀಗಾಗಿ ದೋಷ ಸರಿಪಡಿಸಿದ ಮೇಲೆ, ಹೆಚ್ಚೆಂದರೆ ಒಂದು ವರ್ಷದೊಳಗೆ, ಪ್ರತಿ ದೊಡ್ಡ ದಾಳಿಯ ತಾಂತ್ರಿಕ ವರದಿ ಪ್ರಕಟವಾಗಲೇಬೇಕೆಂದು ಕಾನೂನು ಬರಲಿ, ಮತ್ತು ಆ ಕಾನೂನು ಸರ್ಕಾರಿ ಸಂಸ್ಥೆಗಳಿಗೇ ಮೊದಲು ಅನ್ವಯಿಸಲಿ.