ತಲೆಗೂ ಟ್ಯಾಂಕಿಗೂ ನಾಲ್ಕೇ ಅಡಿ

ಬೀದರಿನಲ್ಲಿ ಚಳಿ ಅಂದರೆ ಬೆಂಗಳೂರಿನವರು ನಗುತ್ತಾರೆ. ಅವರ ಪ್ರಕಾರ ಈ ಕಡೆ ವರ್ಷವಿಡೀ ಬಿಸಿಲು. ನಮ್ಮೂರು ಇರುವುದು ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆರಕ್ಕೆ ಬಂದು ನಮ್ಮ ಬಚ್ಚಲಿನ ನಲ್ಲಿಗೆ ಕೈ ಒಡ್ಡಲಿ, ಆಮೇಲೆ ಮಾತಾಡೋಣ.

ಕಳೆದ ಚಳಿಗಾಲದಲ್ಲಿ ಹೈದರಾಬಾದಿಗೆ, ಹೆಂಡತಿಯ ತಮ್ಮನ ಮನೆಗೆ ಹೋಗಿದ್ದೆವು. ಅಲ್ಲಿ ಬಚ್ಚಲಿನ ಗೋಡೆಗೆ ಒಂದು ಪುಟ್ಟ ಬಿಳಿ ಡಬ್ಬಿ, ನೀರು ಹರಿಯುವಾಗಲೇ ಕಾಯಿಸುವ ಕರೆಂಟಿನ ಶವರ್. ತಿರುಗಿಸಿದರೆ ಸಾಕು, ಬಿಸಿ ನೀರು ಮಳೆಯ ಹಾಗೆ ಸುರಿಯಿತು. ಕಾಯುವ ಕೆಲಸವಿಲ್ಲ, ಬಕೆಟ್ ಇಲ್ಲ, ಚರಿಗೆ ಇಲ್ಲ. ಅದು ಹನ್ನೆರಡು ಮಹಡಿಯ ಕಟ್ಟಡ, ಅವನ ಮನೆ ಮೂರನೆಯದರಲ್ಲಿ. ಈ ವಿಷಯ ಆಗ ನನಗೆ ಮುಖ್ಯ ಅನ್ನಿಸಲಿಲ್ಲ.

ಊರಿಗೆ ಬಂದವನೇ ಅಂಗಡಿಗೆ ಹೋಗಿ 5.5 ಕಿಲೋವ್ಯಾಟ್‌ನದು ತಂದೆ. ಜಾಸ್ತಿ ಇದ್ದರೆ ಒಳ್ಳೆಯದು ಅಲ್ವಾ? ಪ್ಯಾಕಿಂಗ್ ಡಬ್ಬಿಯ ಮೇಲೆ ನಗುತ್ತಾ ಸ್ನಾನ ಮಾಡುತ್ತಿರುವ ಮನುಷ್ಯನ ಚಿತ್ರ ಬೇರೆ ಇತ್ತು. ಎಲೆಕ್ಟ್ರಿಷನ್ ಚಾಚಾ ಆ ಚಿತ್ರ ನೋಡಲೇ ಇಲ್ಲ. ನಮ್ಮ ಕರೆಂಟ್ ಬಿಲ್ ಕೇಳಿದರು.

“ಸರ್ರ, ನಿಮ್ ಮನಿಗಿ ಮಂಜೂರಾದ ಪೂರಾ ಲೋಡೇ 3 ಕಿಲೋವ್ಯಾಟ್ ಅದ. ನಿಮ್ಮೊಬ್ಬರ ಜಳಕಕ್ಕ 5.5 ಬೇಕಂದ್ರ ಹ್ಯಾಂಗ?”

ಮತ್ತೆ ಅಂಗಡಿ. ಮುಖ ಗಂಟಿಕ್ಕಿಕೊಂಡೇ 3 ಕಿಲೋವ್ಯಾಟ್‌ನದಕ್ಕೆ ಬದಲಾಯಿಸಿ ಕೊಟ್ಟರು. ಅದೂ 13 ಆಂಪ್ ಎಳೆಯುತ್ತದಂತೆ. ಬಚ್ಚಲಿನಲ್ಲಿ ಇದ್ದದ್ದು ಬಲ್ಬಿನ ವೈರು. ಹಾಗಾಗಿ ಮೀಟರ್ ಬೋರ್ಡಿನಿಂದಲೇ ಬೇರೆ ಲೈನು, ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ 16 ಆಂಪ್‌ನ ಎಂಸಿಬಿ ಸ್ವಿಚ್ಚು, 30 ಮಿಲಿಆಂಪ್ ಸೋರಿದರೂ ಕರೆಂಟ್ ಕಡಿಯುವ ಇನ್ನೊಂದು ಸ್ವಿಚ್ಚು. ಶವರ್‌ಗಿಂತ ಅದರ ಪರಿವಾರಕ್ಕೇ ಜಾಸ್ತಿ ಖರ್ಚಾಯಿತು.

ಆಮೇಲೆ ಗೋಡೆ. ನಮ್ಮದು ತಾತನ ಕಾಲದ ಕೆಂಪು ಕಲ್ಲಿನ ಮನೆ. ಈ ಕಲ್ಲಿನ ಮೈ ತುಂಬ ತೂತು, ಆದರೆ ನಮಗೆ ಬೇಕಾದ ಕಡೆ ತೂತು ಕೊರೆಯಲು ಹೋದರೆ ಪುಡಿಯಾಗಿ ಉದುರುತ್ತದೆ. ಮೊದಲ ತೂತು ಹೆಬ್ಬೆರಳಿನಷ್ಟಾಯಿತು, ಎರಡನೆಯದು ಅದರ ಜೊತೆ ಕೂಡಿಕೊಂಡಿತು. ಕೆಂಪು ಧೂಳಿನಲ್ಲಿ ಚಾಚಾ ಹೋಳಿ ಆಡಿದವರ ಹಾಗೆ ಕಂಡರು. ಕೊನೆಗೆ ಗೋಡೆಗೆ ಒಂದು ಮರದ ಹಲಗೆ ಹಾಕಿ, ಹಲಗೆಗೆ ಶವರ್ ಕೂರಿಸಿದರು.

“ಈಗ ಹಚ್ಚಲಾ?” ಅಂದೆ.

“ಅರ್ಥಿಂಗ್ ನೋಡ್ಬೇಕ್ರಿ.”

ಹಿತ್ತಲಲ್ಲಿ ಉಪ್ಪು, ಇದ್ದಲು ತುಂಬಿದ ಅರ್ಥಿಂಗ್ ಗುಂಡಿ ಯಾವಾಗಲೋ ಒಣಗಿ ಹೋಗಿತ್ತು. ಎರಡು ಬಕೆಟ್ ನೀರು ಹಾಕಿಸಿದರು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಮೂರು ದಿನ ಆಯ್ತು, ಮದಲ್ನೇ ಜಳಕ ಭೂಮಿತಾಯಿಗಿ ಆಯ್ತು ನೋಡು” ಅಂದಳು.

ಮರುದಿನ ಬೆಳಗ್ಗೆ ಟವೆಲ್ ಸುತ್ತಿಕೊಂಡು ಶವರ್ ಕೆಳಗೆ ನಿಂತೆ. ತಿರುಗಿಸಿದೆ. ನೀರು ಬಂತು. ಅಂದರೆ, ದೇವಸ್ಥಾನದಲ್ಲಿ ತೀರ್ಥ ಬರುವ ಹಾಗೆ. ಅದೂ ತಣ್ಣಗೆ. ಇನ್ನೂ ತಿರುಗಿಸಿದೆ. ಹಿಮ್ಮಡಿಗೆ ಒಂದು ಹನಿ, ಬೆನ್ನಿಗೆ ಒಂದು ಹನಿ. ಹಲ್ಲು ಕಟಕಟ ಅನ್ನುತ್ತಾ ಫೋನ್ ಮಾಡಿದೆ.

ಚಾಚಾ ಬಂದವರು ಮಾಳಿಗೆ ಹತ್ತಿ ಟೇಪು ಹಿಡಿದರು. ಟ್ಯಾಂಕಿನ ತಳದಿಂದ ಶವರ್‌ವರೆಗೆ ನಾಲ್ಕೇ ಅಡಿ. ಹತ್ತು ಮೀಟರ್ ಎತ್ತರದಿಂದ ನೀರು ಇಳಿದರೆ ಒಂದು ಬಾರ್ ಒತ್ತಡ. ನಾಲ್ಕು ಅಡಿಗೆ 0.12 ಆಯಿತು. ಹೈದರಾಬಾದಿನಲ್ಲಿ ಶವರ್ ಮೇಲೆ ಒಂಬತ್ತು ಮಹಡಿ ಇದ್ದದ್ದು ಈಗ ನೆನಪಾಯಿತು. ಡಬ್ಬಿಯ ಮೇಲೆ, ನಗುವ ಮನುಷ್ಯನ ಮೊಣಕಾಲಿನ ಹತ್ತಿರ, ಕನಿಷ್ಠ 0.3 ಬಾರ್ ಬೇಕು ಅಂತ ಸಾಸಿವೆಯಂಥ ಅಕ್ಷರದಲ್ಲಿ ಬರೆದಿತ್ತು. ಒತ್ತಡ ಸಾಲದೆ ನೀರು ಸರಿಯಾಗಿ ಹರಿಯದಿದ್ದರೆ ಒಳಗಿನ ಸ್ವಿಚ್ಚು ಹತ್ತುವುದೇ ಇಲ್ಲ.

ಯೋಚಿಸಿದರೆ ನಾಚಿಕೆ ಆಗುತ್ತದೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲೇ ಇದೇ ಊರಿನಲ್ಲಿ, ನೌಬಾದ್ ಕಡೆ, ನೆಲದೊಳಗೆ ಕಲ್ಲು ಕೊರೆದು, ಬರೀ ಇಳಿಜಾರು ನಂಬಿ ಅಷ್ಟು ದೂರ ನೀರು ಹರಿಸಿದರು. ಆ ಸುರಂಗ ಬಾವಿಯನ್ನು ನೆಂಟರಿಗೆಲ್ಲ ತೋರಿಸಿ ಎದೆ ಉಬ್ಬಿಸಿಕೊಳ್ಳುವವನು ನಾನು. ನನ್ನ ಮಾಳಿಗೆಯಿಂದ ನನ್ನ ತಲೆಗೆ ನೀರು ಇಳಿಸಲು ಆಗಲಿಲ್ಲ.

ಟ್ಯಾಂಕ್ ಎತ್ತರಿಸಲು ಕಟ್ಟೆ ಕಟ್ಟಬೇಕು. ಪಂಪ್ ಹಾಕಬಹುದು. ಎರಡರ ಬೆಲೆ ಕೇಳಿ ಹೆಂಡತಿ ಒಳಗೆ ಹೋದಳು, ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿತು.

ಆಗ ಚಾಚಾ ಸುಮ್ನೆ ಪೈಪಿನ ತುದಿಯ ಜರಡಿ ತಿರುಚಿ ತೆಗೆದರು. ತಡೆ ಹೋಯಿತು, ನೀರು ಹರಿಯಿತು, ಒಳಗೆ ಟಕ್ ಅಂತ ಸದ್ದಾಯಿತು. ಪೈಪು ಬೆಚ್ಚಗಾಯಿತು! ಒಂದೇ ಧಾರೆ, ಅದೂ ಕಿರುಬೆರಳಿನಷ್ಟು. 3 ಕಿಲೋವ್ಯಾಟ್‌ನಲ್ಲಿ ನೀರು 20 ಡಿಗ್ರಿ ಬಿಸಿಯಾಗಬೇಕಂದರೆ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಅಷ್ಟೇ. ಅದರ ಕೆಳಗೆ ನಿಂತರೆ ಒಂದು ಭುಜ ಬೆಚ್ಚಗೆ, ಇನ್ನೊಂದು ಭುಜ ಬೀದರ್.

ಅವ್ವ ಏನೂ ಹೇಳಲಿಲ್ಲ. ಬಕೆಟ್ ತಂದು ಪೈಪಿನ ಕೆಳಗೆ ಇಟ್ಟಳು, ಅದರೊಳಗೆ ಚರಿಗೆ ಹಾಕಿದಳು.

ಈಗ ದಿನಾ ಅದೇ ನಡೆದಿದೆ. ಬಕೆಟ್ ತುಂಬಲು ಏಳೆಂಟು ನಿಮಿಷ. ನಿನ್ನೆ ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದ ಕೇಳಿದರು, “ಶವರ್ ಹ್ಯಾಂಗ ಅದ್ರಿ? ನಾವೂ ಒಂದು ತರಬೇಕಂತೀವಿ.”

“ಭಾಳ ಛಲೋ ಅದ್ರಿ” ಅಂದೆ. ಬಕೆಟ್ ತುಂಬಿತೇನೋ ನೋಡಲು ಒಳಗೆ ಓಡಿದೆ.